ಯಜಮಾನಿ ಮತ್ತು ಎಂ.ಡಿ.

ಸರ್ಕಾರ ನನ್ನನ್ನು ಮನೆಯ ಯಜಮಾನಿ ಎಂದು ಒಪ್ಪಿಕೊಂಡದ್ದು 2023ರಲ್ಲಿ, ಗೃಹಲಕ್ಷ್ಮಿಯ 2,000 ರೂಪಾಯಿ ಖಾತೆಗೆ ಬಿದ್ದಾಗ. ನಮ್ಮನೆಯವರು ಅದನ್ನು ಮನಸ್ಸಿಗೆ ಹಚ್ಚಿಕೊಂಡರು ಅಂತ ಕಾಣುತ್ತದೆ. ದಸರೆ ಹೊತ್ತಿಗೆ ತಿಪಟೂರಿನ ಮಂಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಬಿಟ್ಟು ಬಂದು, "ಇನ್ನು ಯಾರ ಕೈಕೆಳಗೂ ದುಡಿಯಲ್ಲ ಕಣೇ, ಮರದ ಗಾಣ ಹಾಕ್ತೀನಿ" ಅಂದರು.

ಕೊಬ್ಬರಿಗೆ ಕ್ವಿಂಟಾಲಿಗೆ ಹತ್ತು ಸಾವಿರವೂ ಸಿಗದೆ ಬೆಳೆಗಾರರು ತಲೆ ಮೇಲೆ ಕೈಹೊತ್ತು ಕೂತಿದ್ದ ಕಾಲ ಅದು. ಬೆಲೆ ಬಿದ್ದಾಗಲೇ ಗಾಣ ಹೂಡಬೇಕು ಅನ್ನುವುದು ಅವರ ಲೆಕ್ಕ. ನನ್ನ ಬಳೆ ಬ್ಯಾಂಕಿಗೆ ಹೋಯಿತು, ಗಾಣ ಮನೆಗೆ ಬಂತು. ಅದಕ್ಕೂ ಮೊದಲೇ ವಿಸಿಟಿಂಗ್ ಕಾರ್ಡ್ ಬಂದಿತ್ತು. ಹೆಸರಿನ ಮುಂದೆ 'ಎಂ.ಡಿ.' ಓದಿದ ನಮ್ಮತ್ತೆ, "ಇವನು ಡಾಕ್ಟ್ರು ಯಾವಾಗಾದ?" ಅಂದರು.

ಕಾರ್ಡಿನಲ್ಲಿ ಇನ್ನೂ ಜಾಗವಿತ್ತು. ಜಿಎಸ್‌ಟಿ ನಂಬರ್ ಇದ್ದರೆ ತೂಕ ಎಂದು ಅದನ್ನೂ ಮಾಡಿಸಿದರು. ರಾಜ್ಯದೊಳಗೆ ಸರಕು ಮಾರುವವರಿಗೆ ವಹಿವಾಟು ವರ್ಷಕ್ಕೆ 40 ಲಕ್ಷ ದಾಟುವ ತನಕ ಅದು ಬೇಕಿಲ್ಲ. ನಮ್ಮದು ನಾಲ್ಕು ಲಕ್ಷವೂ ಇಲ್ಲ. ಆದರೆ ಯಜಮಾನಿಯಾಗಲಿ ಅವಳ ಗಂಡನಾಗಲಿ ಜಿಎಸ್‌ಟಿ ರಿಟರ್ನ್ ಸಲ್ಲಿಸುತ್ತಿದ್ದರೆ ಗೃಹಲಕ್ಷ್ಮಿ ಹಣ ಇಲ್ಲ. ಎಂ.ಡಿ. ಅಧಿಕಾರಕ್ಕೆ ಬಂದರು, ಯಜಮಾನಿ ಪದಚ್ಯುತಳಾದಳು.

2025ರಲ್ಲಿ ಕೊಬ್ಬರಿ 20 ಸಾವಿರ ದಾಟಿತು. ಊರೆಲ್ಲ ಹೋಳಿಗೆ ಮಾಡಿತು; ನಮ್ಮ ಗಾಣ ನಿಂತಿತು. ನೂರು ಕೆಜಿ ಕೊಬ್ಬರಿ ಅರೆದರೆ ಎಣ್ಣೆ ಅರವತ್ತರ ಆಸುಪಾಸು, ಉಳಿದದ್ದು ಹಿಂಡಿ. ದರ ಕೇಳಿದ ಗಿರಾಕಿಗಳು ಬಾಟಲಿ ಮೂಸಿ, "ಘಮ ಅಂದ್ರೆ ಇದು" ಎಂದು ಹೊಗಳಿ ಪ್ಯಾಕೆಟ್ ಎಣ್ಣೆ ತರಲು ಹೋಗುತ್ತಾರೆ. ವ್ಯಾಪಾರ ಇಲ್ಲದಿದ್ದರೂ ನಿಲ್ ರಿಟರ್ನ್ ತಪ್ಪಿಸುವಂತಿಲ್ಲ. ಏನೂ ಮಾರಲಿಲ್ಲ ಸ್ವಾಮಿ ಎಂದು ತಡವಾಗಿ ಹೇಳಿದರೂ ದಿನಕ್ಕೆ 20 ರೂಪಾಯಿ ದಂಡ.

ಈಗ ಮನೆ ನಡೆಯುವುದು ನನ್ನ ಟೀಚರ್ ಸಂಬಳದಲ್ಲಿ. ನಾನು ಶಾಲೆಗೆ ಓಡಿದರೆ ಎಂ.ಡಿ. ಸಾಹೇಬರು ಮುದ್ದೆ ತೊಳಸುತ್ತಾರೆ. ಮುದ್ದೆಯಲ್ಲಿ ಗಂಟಿರುತ್ತದೆ, ಹೇಳುವಂತಿಲ್ಲ. ಹೇಳಿದರೆ, "ಹೇಳಮ್ಮ ಹೇಳು, ಸಂಬಳ ತರೋಳು ನೀನು" ಅನ್ನುತ್ತಾರೆ. ನಮ್ಮ ಮಾವನವರು ಸಾರಿಗೆ ಉಪ್ಪು ಹೆಚ್ಚಾದರೆ ತಟ್ಟೆಯನ್ನೇ ಹಿತ್ತಲಿಗೆ ಎಸೆಯುತ್ತಿದ್ದರಂತೆ. ಸಂಬಳ ತರುವ ನಾನು ಗಂಟನ್ನೂ ನುಂಗುತ್ತೇನೆ. ತುಮಕೂರಿಗೆ ಹೊರಟರೆ ಕಂಡಕ್ಟರ್ ನನಗೆ ಶಕ್ತಿಯ ಸೊನ್ನೆ ಟಿಕೆಟ್ ಹರಿದುಕೊಟ್ಟು ಅವರ ಕಡೆ ಕೈ ಚಾಚುತ್ತಾನೆ. ಅವರು ಕಿಟಕಿಯಾಚೆಯ ತೆಂಗಿನ ತೋಟವನ್ನು ಬಹಳ ಆಸಕ್ತಿಯಿಂದ ನೋಡುತ್ತಾರೆ. ಪರ್ಸ್ ನಾನೇ ತೆಗೆಯುತ್ತೇನೆ.

ಗಾಣ ಮಾರಿಬಿಡಿ ಅಂದೆ. "ರೇಟು ಇಳೀಲಿ, ತಡಿಯೇ" ಅಂದರು. ತಿಪಟೂರಿನಲ್ಲಿ ಕೂತು ಕೊಬ್ಬರಿ ರೇಟು ಇಳಿಯಲಿ ಎಂದು ದೇವರಿಗೆ ಕೈಮುಗಿಯುವವರು ಇನ್ನೊಬ್ಬರಿರಲಾರರು. ತೋಟ ಇಟ್ಟುಕೊಂಡಿರುವ ನಮ್ಮ ತವರಿನವರಿಗೆ ದಯವಿಟ್ಟು ಇದನ್ನು ಹೇಳಬೇಡಿ. ಗಾಣದ ಎಣ್ಣೆ ಬೇಕಿದ್ದವರು ಬನ್ನಿ, ಜಿಎಸ್‌ಟಿ ಬಿಲ್ಲು ಸಮೇತ ಕೊಡುತ್ತೇವೆ. ಉದ್ರಿ ಮಾತ್ರ ಕೇಳಬೇಡಿ.