ಹಾಸನ ವಿಶ್ವವಿದ್ಯಾಲಯದ ಕುಲಪತಿಗಳಿಗೆ ಹಳೇಕೋಟೆ ಹೋಬಳಿಯಿಂದ ಬಹಿರಂಗ ಪತ್ರ



ನಮ್ಮದು ಹೊಳೆನರಸೀಪುರ ತಾಲ್ಲೂಕಿನ ಹಳೇಕೋಟೆ ಹೋಬಳಿ. ಇಲ್ಲಿನ ಮಕ್ಕಳು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಹಾಸನದ ಕಾಲೇಜುಗಳಿಗೆ ಬಸ್ಸಿನಲ್ಲೋ ರೈಲಿನಲ್ಲೋ ಹೋಗಿ ಓದುತ್ತಾರೆ. ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ಹೇಮಗಂಗೋತ್ರಿ 2023ರಲ್ಲಿ ಹಾಸನ ವಿಶ್ವವಿದ್ಯಾಲಯವಾದಾಗ ನಮಗೆ ಸಂತೋಷವಾಯಿತು. ಅಂಕಪಟ್ಟಿಯಲ್ಲಿ ತಂದೆಯ ಹೆಸರಿನ ಒಂದಕ್ಷರ ತಪ್ಪಾದರೂ ಕೂಲಿ ಬಿಟ್ಟು ಮೈಸೂರಿಗೆ ಹೋಗುವುದು ಇನ್ನು ತಪ್ಪುತ್ತದೆ ಅಂದುಕೊಂಡೆವು.

ಎರಡು ವರ್ಷ ತುಂಬುವ ಮೊದಲೇ, 2025ರ ಫೆಬ್ರುವರಿಯಲ್ಲಿ, ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರ ಅಧ್ಯಕ್ಷತೆಯ ಸಚಿವ ಸಂಪುಟ ಉಪಸಮಿತಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚಬಹುದು ಎಂದು ಹೇಳಿತು. ಚಾಮರಾಜನಗರ, ಕೊಡಗು, ಹಾವೇರಿ, ಕೊಪ್ಪಳ, ಬಾಗಲಕೋಟೆಗಳ ಜೊತೆ ಹಾಸನದ ಹೆಸರೂ ಅದರಲ್ಲಿತ್ತು. ಕೊಟ್ಟ ಮುಖ್ಯ ಕಾರಣ ಹಣ. ಮುಚ್ಚಬೇಡಿ ಎನ್ನುವವರಲ್ಲಿ ನಾವೂ ಇದ್ದೇವೆ. ಹಾಗೆ ಅನ್ನುವವರಿಗೆ ನಿಮ್ಮನ್ನು ಕೆಲವು ಮಾತು ಕೇಳುವ ಹಕ್ಕಿದೆ ಎಂದೇ ಈ ಪತ್ರ. ಯಾರ ಮೇಲೂ ಆರೋಪ ಹೊರಿಸುವುದು ನಮ್ಮ ಉದ್ದೇಶವಲ್ಲ.

ಭ್ರಷ್ಟಾಚಾರದ ಮಾತೆತ್ತಿದರೆ, ಹಣವೇ ಇಲ್ಲದ ಕಡೆ ಯಾರು ಏನು ತಿನ್ನುತ್ತಾರೆ ಎಂದು ಕೆಲವರು ಕೇಳುತ್ತಾರೆ. ನಮಗೆ ಭಯ ಇರುವುದು ಅಲ್ಲಿಯೇ. ಕಾಯಂ ಹುದ್ದೆ ತುಂಬಲು ದುಡ್ಡಿಲ್ಲದಿದ್ದರೆ ಅತಿಥಿ ಉಪನ್ಯಾಸಕರನ್ನು ತೆಗೆದುಕೊಳ್ಳಬೇಕಾಗುತ್ತದೆ, ಕಚೇರಿಗೆ ಹೊರಗುತ್ತಿಗೆಯವರನ್ನು ಕರೆಯಬೇಕಾಗುತ್ತದೆ. ಅವರಲ್ಲಿ ಯಾರಿಗೆ ಮುಂದಿನ ವರ್ಷವೂ ಕೆಲಸ ಎಂಬುದು ಒಬ್ಬಿಬ್ಬರ ಕೈಗೆ ಹೋಗುತ್ತದೆ. ದೊಡ್ಡ ಕಾಮಗಾರಿಗೆ ಅನುದಾನ ಬಾರದಿದ್ದಾಗ ಸಣ್ಣ ಸಣ್ಣ ಖರೀದಿ, ತುಂಡು ಗುತ್ತಿಗೆ ಶುರುವಾಗುತ್ತವೆ. ಸಾರ್ವಜನಿಕ ಖರೀದಿಯಲ್ಲಿ ಪಾರದರ್ಶಕತೆಗಾಗಿ 1999ರಲ್ಲೇ ಕಾಯ್ದೆ ಮಾಡಿದ ರಾಜ್ಯ ನಮ್ಮದು. ಅದೇ ಕಾಯ್ದೆಯ 4(ಜಿ) ವಿನಾಯಿತಿಯಲ್ಲಿ ಟೆಂಡರ್ ಇಲ್ಲದೆ ಎಷ್ಟೋ ಕೆಲಸ ನಡೆದುಹೋಗುವುದನ್ನೂ ನೋಡಿದ್ದೇವೆ. ಬಡ ಸಂಸ್ಥೆಯಲ್ಲಿ ಕದಿಯುವ ಮೊತ್ತ ಚಿಕ್ಕದಿರಬಹುದು, ಆದರೆ ಕದ್ದದ್ದು ಲ್ಯಾಬಿನ ಉಪಕರಣವೋ ಗ್ರಂಥಾಲಯದ ಪುಸ್ತಕವೋ ಆಗಿರುತ್ತದೆ. ಮುಚ್ಚಿಹೋಗಬಹುದಾದ ವಿಶ್ವವಿದ್ಯಾಲಯದಲ್ಲಿ ದೂರು ಕೊಡಲೂ ಜನ ಹಿಂಜರಿಯುತ್ತಾರೆ. ಈಗಲೇ ಕತ್ತಿ ತೂಗುತ್ತಿದೆ, ನೀವು ಬೇರೆ ಹೆಸರು ಕೆಡಿಸಬೇಡಿ ಎಂದು ನಮ್ಮವರೇ ನಮ್ಮ ಬಾಯಿ ಮುಚ್ಚಿಸುತ್ತಾರೆ.

ಈ ರೋಗ ಎಲ್ಲಿಯವರೆಗೆ ಬಂದಿದೆ ಎಂಬುದು ನಮಗಿಂತ ನಿಮಗೆ ಚೆನ್ನಾಗಿ ಗೊತ್ತು. 545 ಪಿಎಸ್‌ಐ ಹುದ್ದೆಗಳ ಆಯ್ಕೆಯನ್ನು ಸರ್ಕಾರ 2022ರಲ್ಲಿ ರದ್ದು ಮಾಡಬೇಕಾಯಿತು. ಅದೇ ವರ್ಷ 1242 ಸಹಾಯಕ ಪ್ರಾಧ್ಯಾಪಕರ ನೇಮಕಾತಿ ಪರೀಕ್ಷೆಯಲ್ಲಿ ಭೂಗೋಳ ಶಾಸ್ತ್ರದ ಪ್ರಶ್ನೆಗಳು ಸೋರಿದ ಪ್ರಕರಣ ಪೊಲೀಸರವರೆಗೆ ಹೋಯಿತು. ಪೊಲೀಸರ ಆಯ್ಕೆ ಕೆಟ್ಟರೆ ಜನರಿಗೆ ಸಿಟ್ಟು ಬರುತ್ತದೆ. ಪಾಠ ಹೇಳುವವರ ಆಯ್ಕೆ ಕೆಟ್ಟರೆ ಯಾಕೋ ಅಷ್ಟು ಸಿಟ್ಟು ಬರುವುದಿಲ್ಲ. ಮೂವತ್ತು ವರ್ಷ ತರಗತಿಯಲ್ಲಿ ನಿಲ್ಲುವವರ ವಿಷಯ ಅದು.

ಭ್ರಷ್ಟಾಚಾರ ತಡೆ ಕಾಯ್ದೆ 1988ರ ಎರಡನೇ ಕಲಮನ್ನು ದಯವಿಟ್ಟು ಇನ್ನೊಮ್ಮೆ ಓದಿ. ಸಾರ್ವಜನಿಕ ಸೇವಕರು ಯಾರು ಎಂದು ಹೇಳುವಾಗ ಕುಲಪತಿ, ಆಡಳಿತ ಮಂಡಳಿಯ ಸದಸ್ಯ, ಪ್ರಾಧ್ಯಾಪಕ, ಉಪನ್ಯಾಸಕ, ನೌಕರರೆಲ್ಲರನ್ನೂ ಅದು ಸೇರಿಸಿದೆ. ಪರೀಕ್ಷೆ ನಡೆಸಿಕೊಡಲು ಹೊರಗಿನಿಂದ ಬಂದವರನ್ನೂ ಬಿಟ್ಟಿಲ್ಲ. ಮೌಲ್ಯಮಾಪನಕ್ಕೆ ಕೂರುವವರಿಗೆ ಮೊದಲ ದಿನವೇ ಇದನ್ನು ಓದಿ ಹೇಳಿದರೆ ಒಳ್ಳೆಯದು.

ನಾವು ಕೇಳುವುದರಲ್ಲಿ ಹೊಸದೇನೂ ಇಲ್ಲ, ಖರ್ಚೂ ಹೆಚ್ಚಿಲ್ಲ. ಮಾಹಿತಿ ಹಕ್ಕು ಕಾಯ್ದೆ 2005ರ 4(1)(ಬಿ) ಪ್ರಕಾರ ಹದಿನೇಳು ಬಗೆಯ ಮಾಹಿತಿಯನ್ನು ಯಾರೂ ಅರ್ಜಿ ಹಾಕದೆಯೇ ಪ್ರಕಟಿಸಬೇಕು. ಬಜೆಟ್ಟು, ಸಿಬ್ಬಂದಿಯ ಸಂಬಳ ಎಲ್ಲವೂ ಅದರಲ್ಲಿದೆ. ಸಿಂಡಿಕೇಟ್ ಸಭೆಯ ನಡಾವಳಿಯನ್ನೂ ಪ್ರತಿ ಖರೀದಿಯ ದರವನ್ನೂ ಅದರ ಜೊತೆಗೆ ಹಾಕಿ. ಅತಿಥಿ ಉಪನ್ಯಾಸಕರ ಆಯ್ಕೆಯಲ್ಲಿ ಯಾರಿಗೆ ಎಷ್ಟು ಅಂಕ, ಯಾಕೆ ಎಂಬುದನ್ನು ಕನ್ನಡದಲ್ಲಿ ಬರೆದು ಹಾಕಿ. ಆಯ್ಕೆಯಾಗದ ಹುಡುಗಿ ಅದನ್ನು ಓದಿ, ತನಗಿಂತ ಆ ಇನ್ನೊಬ್ಬಳೇ ಅರ್ಹಳು ಎಂದು ಒಪ್ಪಿಕೊಂಡು ಊರಿಗೆ ಬರಬೇಕು. ಶಿಫಾರಸು ಇರಲಿಲ್ಲ, ಅದಕ್ಕೇ ಸಿಗಲಿಲ್ಲ ಎಂದು ಅಪ್ಪನ ಮುಂದೆ ಕೂತು ಅಳುವ ಹಾಗೆ ಆಗಬಾರದು.

ಉತ್ತರ ಪತ್ರಿಕೆಯ ವಿಷಯವನ್ನು ಸ್ವಲ್ಪ ಒತ್ತಿ ಹೇಳುತ್ತೇವೆ. ಮೌಲ್ಯಮಾಪನವಾದ ತನ್ನ ಉತ್ತರ ಪತ್ರಿಕೆಯನ್ನು ನೋಡುವ ಹಕ್ಕು ವಿದ್ಯಾರ್ಥಿಗೆ ಇದೆ ಎಂದು ಸುಪ್ರೀಂ ಕೋರ್ಟ್ 2011ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟಿದೆ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ, ಪ್ರತಿಗೆ ಪುಟಕ್ಕೆ ಎರಡು ರೂಪಾಯಿ. ನಲವತ್ತು ಪುಟವಾದರೂ ಎಲ್ಲಾ ಸೇರಿ ತೊಂಬತ್ತು ರೂಪಾಯಿ ಆಗುತ್ತದೆ. ಇದು ಗೊತ್ತಿಲ್ಲದ ಮಕ್ಕಳೇ ಜೆರಾಕ್ಸ್ ಅಂಗಡಿಯ ಹತ್ತಿರ ನಿಂತು, ಒಳಗೆ ನಮ್ಮವರಿದ್ದಾರೆ, ನಾನು ಮಾಡಿಸಿಕೊಡ್ತೀನಿ ಎನ್ನುವವನ ಕೈಗೆ ಸಾವಿರಗಟ್ಟಲೆ ಕೊಡುವುದು. ಕೌಂಟರಿನಲ್ಲಿ ಕೂತವರು, ಸೆಕ್ಷನ್‌ನವರು ಬಂದಿಲ್ಲ, ನಾಳೆ ಬನ್ನಿ ಎಂದಾಗಲೆಲ್ಲ ಆ ಮಧ್ಯವರ್ತಿಗೆ ಒಬ್ಬ ಗಿರಾಕಿ ಹೆಚ್ಚಾಗುತ್ತಾನೆ. ಆದ್ದರಿಂದ ಉತ್ತರ ಪತ್ರಿಕೆಯ ಪ್ರತಿಗೆ, ಅಂಕಪಟ್ಟಿ ತಿದ್ದುಪಡಿಗೆ ಎಷ್ಟು ದಿನ, ಎಷ್ಟು ಶುಲ್ಕ, ಯಾವ ನೌಕರರ ಹೊಣೆ ಎಂಬ ಬೋರ್ಡು ಆ ಕೌಂಟರಿನ ಮೇಲೆಯೇ ಇರಲಿ.

ವಿದ್ಯಾರ್ಥಿಗಳ ದೂರು ಕೇಳಲು ಪ್ರತಿ ವಿಶ್ವವಿದ್ಯಾಲಯವೂ ಒಬ್ಬ ಓಂಬುಡ್ಸ್‌ಪರ್ಸನ್ ನೇಮಿಸಬೇಕೆಂದು ಯುಜಿಸಿ 2023ರ ಏಪ್ರಿಲ್‌ನಲ್ಲಿ ನಿಯಮ ಮಾಡಿದೆ. ಅವರ ಹೆಸರು, ಕಚೇರಿಯ ದೂರವಾಣಿ ಸಂಖ್ಯೆಯನ್ನು ಪ್ರತಿ ಸೆಮಿಸ್ಟರಿನ ಹಾಲ್ ಟಿಕೆಟಿನ ಹಿಂಬದಿಯಲ್ಲಿ ಅಚ್ಚು ಹಾಕಿಸಿ.

ಉಪಸಮಿತಿ ಲೆಕ್ಕ ಹಾಕಿದ್ದು ಕೋಟಿಗಳಲ್ಲಿ. ಅದಕ್ಕೆ ಉತ್ತರ ಕೊಡಲು ಶಾಸಕರ ಭಾಷಣ ಸಾಲದು. ಬಂದ ಪ್ರತಿ ರೂಪಾಯಿ ಎಲ್ಲಿ ಹೋಯಿತು ಎಂದು ತೋರಿಸುವ ಲೆಕ್ಕಪತ್ರ ನಿಮ್ಮ ಕೈಯಲ್ಲಿದ್ದರೆ ನಾವು ಅದನ್ನೇ ಹಿಡಿದು ಬೆಂಗಳೂರಿಗೆ ಬರುತ್ತೇವೆ. ವರ್ಷಕ್ಕೊಮ್ಮೆ ಜಿಲ್ಲೆಯ ಪೋಷಕರನ್ನು ಹೇಮಗಂಗೋತ್ರಿಗೆ ಕರೆದು ಆ ಲೆಕ್ಕವನ್ನು ಓದಿ ಹೇಳಿ. ಮೊದಲ ಸಭೆಯ ದಿನಾಂಕ ತಿಳಿಸಿದರೆ ನಮ್ಮ ಹೋಬಳಿಯ ಪ್ರತಿ ಹಳ್ಳಿಗೂ ಸುದ್ದಿ ಮುಟ್ಟಿಸುವ ಕೆಲಸ ನಮ್ಮದು.

ಇತಿ,
ಹಳೇಕೋಟೆ ಹೋಬಳಿಯ ಒಬ್ಬ ಪೋಷಕ