ಟಾಮಿಗೆ ಇವತ್ತು ಹೇಗಿದೆ?

ಬಟ್ಟೆ ಆಮೇಲೆ ಹರವಿದರಾಯ್ತು, ಸ್ವಲ್ಪ ಈ ಕಡೆ ಬನ್ನಿ ಅಕ್ಕ. ರಾತ್ರಿಯೆಲ್ಲ ಟಾಮಿ ಅಂಗಳ ಸುತ್ತುತ್ತಿದ್ದದ್ದು ನಮ್ಮ ಕಿಟಕಿಗೂ ಕೇಳಿಸ್ತು. ವಯಸ್ಸಾಯ್ತಲ್ಲ, ನಿದ್ದೆ ಬರಲ್ಲ ಅಂತೀರಿ ನೀವು. ಮುದಿನಾಯಿಗಳಿಗೆ ಮರೆವಿನ ಕಾಯಿಲೆ ಬಂದರೂ ಹೀಗೆ ಸುತ್ತುತ್ತವೆ, ನಿಜ. ಆದರೆ ಮಲಗೋದು, ಏಳೋದು, ಮತ್ತೆ ಜಾಗ ಬದಲಿಸೋದು, ತಂಪು ಹೊತ್ತಲ್ಲೂ ನಾಲಿಗೆ ಚಾಚಿ ಏದುಸಿರು ಬಿಡೋದು... ಇದಕ್ಕೆ ನೋವೂ ಕಾರಣ ಇರಬಹುದು. ನೋವಾದರೆ ನಾಯಿ ಕುಂಯ್‌ಗುಡಲೇಬೇಕು ಅಂತೇನಿಲ್ಲ. ಹಾಗಂತ ನಿಮ್ಮ ಮಂಡಿನೋವಿನ ಮಾತ್ರೆ ಮಾತ್ರ ಕೊಟ್ಟೀರಿ, ಜೋಕೆ! ಐಬುಪ್ರೊಫೆನ್ ನಾಯಿಯ ಹೊಟ್ಟೆಯನ್ನೂ ಕೆಡಿಸುತ್ತೆ, ಮೂತ್ರಪಿಂಡವನ್ನೂ ಕೆಡಿಸುತ್ತೆ.

ಅಮೆರಿಕದಲ್ಲಿ ಆಲಿಸ್ ವಿಲ್ಲಾಲೋಬೋಸ್ ಅಂತ ಪಶುವೈದ್ಯೆ, ಪ್ರಾಣಿಗಳ ಕ್ಯಾನ್ಸರ್ ನೋಡೋರು. ಕಾಯಿಲೆ ಬಿದ್ದ ಪ್ರಾಣಿಯ ಬದುಕು ಹೇಗಿದೆ ಅಂತ ಅಳೆಯೋಕೆ 2004ರಲ್ಲಿ ಅವರೊಂದು ಲೆಕ್ಕ ಹಾಕಿಕೊಟ್ಟರು. ನೋವು, ಹಸಿವು, ಮೈಯಲ್ಲಿ ನೀರು, ಶುಚಿ, ಖುಷಿ, ಓಡಾಟ, ಕೆಟ್ಟ ದಿನಕ್ಕಿಂತ ಒಳ್ಳೆ ದಿನ ಜಾಸ್ತಿಯಾ ಅನ್ನೋದು. ಏಳಕ್ಕೂ ಹತ್ತು ಹತ್ತು ಅಂಕ. ಒಟ್ಟು 35 ದಾಟಿದರೆ ಆರೈಕೆ ಮುಂದುವರಿಸಬಹುದು. ಉಸಿರಾಟ ಅವರಿಗೆ ನೋವಿನ ಲೆಕ್ಕದಲ್ಲೇ ಬರುತ್ತೆ. ಟಾಮಿ ಗಾಢ ನಿದ್ದೆಯಲ್ಲಿದ್ದಾಗ ಎದೆ ಏರಿಳಿಯೋದನ್ನ ಒಂದು ನಿಮಿಷ ಎಣಿಸಿ. ಮತ್ತೆ ಮತ್ತೆ 30 ದಾಟ್ತಿದ್ದರೆ ಡಾಕ್ಟರಿಗೆ ಹೇಳಲೇಬೇಕು. ನೀರಿನಂಶ ನೋಡೋಕೆ ಹೆಗಲ ಚರ್ಮ ಎಳೆದು ಬಿಡ್ತಾರೆ, ಆದರೆ ಮುದಿ ಚರ್ಮ ಹೇಗಿದ್ದರೂ ನಿಧಾನ. ಒಸಡು ಮುಟ್ಟಿ ನೋಡಿ, ಅಂಟಂಟಾಗಿದ್ದರೆ ನೀರು ಸಾಲದು.

ನನಗಂತೂ ಒಟ್ಟು ಅಂಕಕ್ಕಿಂತ ಆ ಕೊನೇ ಪ್ರಶ್ನೆ ಮೇಲೇ ನಂಬಿಕೆ. ದಿನಾ ನೋಡೋ ಕಣ್ಣಿಗೆ ನಿಧಾನವಾಗಿ ಇಳೀತಿರೋದು ಗೊತ್ತಾಗಲ್ಲ ಅಕ್ಕ. ಅದಕ್ಕೇ ನಮ್ಮ ನಾಯಿ ಚಿನ್ನಿಗೆ ಕಾಯಿಲೆ ಬಂದಾಗ ಅವಳಿಗೆ ಏನೇನು ಇಷ್ಟ ಅಂತ ಮೊದಲೇ ಬರೆದಿಟ್ಟಿದ್ವಿ. ತೆಂಗಿನಕಾಯಿ ಒಡೆದ ಸದ್ದಿಗೆ ಎಲ್ಲಿದ್ದರೂ ಬಂದು ಅಡುಗೆಮನೆ ಹೊಸಿಲ ಮೇಲೆ ಗದ್ದ ಊರಿ ಕೂರೋಳು. ಯಜಮಾನರ ಗಾಡಿ ತಿರುವಿನಲ್ಲಿರುವಾಗಲೇ ಗೇಟಿಗೆ ಹೋಗೋಳು. ದಿನಾ ರಾತ್ರಿ ಕ್ಯಾಲೆಂಡರಿನಲ್ಲಿ ಒಳ್ಳೆ ದಿನಕ್ಕೆ ಸುತ್ತು, ಕೆಟ್ಟ ದಿನಕ್ಕೆ ಗೀಟು ಹಾಕ್ತಿದ್ವಿ. ಗೀಟುಗಳೇ ಜಾಸ್ತಿಯಾದ ತಿಂಗಳು, ಕಾಯಿ ಒಡೆದರೆ ಕಿವಿ ಎತ್ತೋಳು, ಏಳ್ತಿರಲಿಲ್ಲ. ಆಮೇಲಾಮೇಲೆ ಕಿವಿಯನ್ನೂ ಎತ್ತಲಿಲ್ಲ.

ನಿಮ್ಮ ಟಾಮಿ ಇನ್ನೂ ಮೊಸರನ್ನದ ತಟ್ಟೆ ನೆಕ್ಕಿ ಖಾಲಿ ಮಾಡ್ತಾನೆ, ನನ್ನ ದನಿ ಕೇಳಿದರೆ ಬಾಲ ಆಡಿಸ್ತಾನೆ. ಕಾಲು ಸೋತಿದೆ ಅಂದಮಾತ್ರಕ್ಕೆ ಕೈ ಬಿಡಬೇಡಿ. ಹಾಲ್‌ನ ಟೈಲ್ಸ್ ಮೇಲೆ ಹಿಂಗಾಲು ಜಾರುತ್ತಲ್ಲ, ಅವನು ಓಡಾಡೋ ದಾರಿಗೆ ಗೋಣಿತಾಟು ಹಾಸಿ. ಮಲಗೋ ಜಾಗ ಮೆತ್ತಗಿರಲಿ, ಇಲ್ಲಾಂದರೆ ಮೊಣಕೈ ಹುಣ್ಣಾಗುತ್ತೆ.

ಮುಂದೆ ದಯಾಮರಣದ ಇಂಜೆಕ್ಷನ್ ಮಾತು ಬಂದರೆ ಏನು ಗತಿ ಅಂತ ಹೆದರಬೇಡಿ. ಅದು ಅರಿವಳಿಕೆ ಮದ್ದನ್ನೇ ಹೆಚ್ಚು ಪ್ರಮಾಣದಲ್ಲಿ ಕೊಡೋದು. ಮೊದಲು ಪ್ರಜ್ಞೆ ಹೋಗುತ್ತೆ, ಆಮೇಲೆ ಉಸಿರು, ಹೃದಯ. ವಾಸಿಯಾಗದ ನರಳಾಟ ನಿಲ್ಲಿಸೋದನ್ನ ನಾನು ಪಾಪ ಅನ್ನಲ್ಲ. ಆದರೆ ನಿಮ್ಮ ಮನೆಗೆ ಆ ದಿನ ಬಂದಿಲ್ಲ, ನೋವಿಗೆ ಮದ್ದೇ ಇನ್ನೂ ಶುರುವಾಗಿಲ್ಲವಲ್ಲ!

ಇವತ್ತು ರಾತ್ರಿ ಅವನು ಸುತ್ತೋದನ್ನ ಮೊಬೈಲಲ್ಲಿ ವಿಡಿಯೋ ಮಾಡಿಸಿ. ಆಸ್ಪತ್ರೆಯಲ್ಲಿ ನಾಯಿಗಳು ಹೆದರಿಕೆಗೆ ನೆಟ್ಟಗೆ ನಡೆದುಬಿಡ್ತಾವೆ, ಡಾಕ್ಟರಿಗೆ ಏನೂ ಕಾಣಲ್ಲ. ನಾಳೆ ಬೆಳಿಗ್ಗೆ ಆಟೋಗೆ ಹೇಳಿ, ನಾನೂ ಬರ್ತೀನಿ. ಅವನನ್ನ ಎತ್ತಿ ಕೂರಿಸೋಕೆ ಇಬ್ಬರಾದರೂ ಬೇಕು.