‘ನಾನು’ ಸೊಟ್ಟ, ‘ನಾವು’ ನೆಟ್ಟಗೆ

ಕನ್ನಡದವರು ವರ್ತಮಾನ ಕಾಲವನ್ನು ನಂಬಿ ಬೆಳೆದವರು. ಬರುತ್ತೇನೆ, ಹೋಗುತ್ತೇನೆ, ಕೊಡುತ್ತೇನೆ, ನಿಲ್ಲುತ್ತೇನೆ: ಧಾತುವಿಗೆ ‘ಉತ್ತೇನೆ’ ಅಂಟಿಸಿದರೆ ಕೆಲಸ ಮುಗಿಯಿತು. ನಮ್ಮ ಕಿತಾಪತಿಯೆಲ್ಲ ಭೂತಕಾಲದ್ದು. ಬಂದೆ, ಹೋದೆ, ಕೊಟ್ಟೆ, ನಿಂತೆ ಎನ್ನುವಾಗ ಮೂಲ ಧಾತುವಿನ ಗುರುತು ಹಿಡಿಯುವುದೇ ಕಷ್ಟ. ಹೊಸದಾಗಿ ಕನ್ನಡ ಕಲಿಯುವವರು ‘ನಿಲ್ಲಿದೆ’ ಎಂದರೆ ನಮಗೆ ನಗು. ಆ ನಗುವನ್ನು ಸ್ಪ್ಯಾನಿಷ್ ಬಡ್ಡಿ ಸಮೇತ ವಸೂಲು ಮಾಡುತ್ತದೆ. ಅಲ್ಲಿ ತಕರಾರು ಶುರುವಾಗುವುದೇ ವರ್ತಮಾನದಲ್ಲಿ, ಅದೂ ‘ನಾನು’ ಎಂದ ತಕ್ಷಣ.

ಇಡುವುದಕ್ಕೆ ಪೊನೆರ್. ನೀನು ಇಡುತ್ತೀಯೆ ಪೊನೆಸ್, ಅವಳು ಇಡುತ್ತಾಳೆ ಪೊನೆ. ಎಲ್ಲ ಸಲೀಸು. ನಾನು ಇಡಲು ಹೋದರೆ ಮಾತ್ರ ಪೊಂಗೊ! ಹೊರಡುವುದು ಸಲಿರ್, ನಾನು ಹೊರಟರೆ ಸಲ್ಗೊ. ನನ್ನಲ್ಲಿ ಏನಾದರೂ ಇದ್ದರೆ ತೆಂಗೊ, ತೋಟವಿರಲಿ ಬಿಡಲಿ. ‘ಮಾಡುತ್ತೇನೆ’ ಎಂಬುದಕ್ಕೆ ಆಗೊ. ಕನ್ನಡದ ಕಿವಿಗೆ ಅದು ‘ಆಗೋ ಮಾತಲ್ಲ’ದ ಮೊದಲರ್ಧ.

ಇರುತ್ತೇನೆ, ಕೊಡುತ್ತೇನೆ, ಹೋಗುತ್ತೇನೆ ಎನ್ನುವ ಸೊಯ್, ದೊಯ್, ಬೊಯ್‌ಗಳು ಹಿಂದೆ ಬರೀ ಸೊ, ದೊ, ಬೊ ಆಗಿದ್ದವು. ಈ ‘ಯ್’ ಬಾಲ ಎಲ್ಲಿಂದ ಬಂತು? 1492ರಲ್ಲಿ ಸಲಮಾಂಕದಲ್ಲಿ ಅಚ್ಚಾದ ಸ್ಪ್ಯಾನಿಷ್ ವ್ಯಾಕರಣದಲ್ಲಿ ಆಂತೊನಿಯೊ ದೆ ನೆಬ್ರಿಹ ಹೇಳುವುದು ಇಷ್ಟೇ: ಪುಟ್ಟ ಪದಗಳಲ್ಲವೇ, ಅಂದಕ್ಕಾಗಿ ಒಂದಕ್ಷರ ಸೇರಿಸುತ್ತೇವೆ. ಮುಂದಿನ ಪಂಡಿತರಿಗೆ ಈ ಕಾರಣ ಸಾಕಾಗದೆ ಇಂದಿಗೂ ಜಗ್ಗಾಡುತ್ತಿದ್ದಾರೆ. ನನಗಂತೂ ಧಾರಾಳವಾಗಿ ಸಾಕು. ‘ನಾನು’ ಹೊರಗೆ ಹೊರಡುವ ಮುನ್ನ ಕನ್ನಡಿ ನೋಡಿಕೊಳ್ಳುವುದು ಎಲ್ಲೂ ಹೊಸತಲ್ಲ.

‘ನಾವು’ ಹಾಗಲ್ಲ. ಮಲಗುವುದಕ್ಕೆ ದೊರ್ಮಿರ್. ನಾನು ಮಲಗಿದರೆ ದ್ವೆರ್ಮೊ, ನೀನು ದ್ವೆರ್ಮೆಸ್, ಅವರು ದ್ವೆರ್ಮೆನ್. ನಾವೆಲ್ಲ ಮಲಗಿದರೆ ದೊರ್ಮಿಮೊಸ್, ‘ಒ’ ಅಲುಗಾಡಿಲ್ಲ. ಇದರ ಹಿಂದೆ ಲ್ಯಾಟಿನ್ ಕಾಲದ ಕಥೆಯಿದೆ. ಒತ್ತು ಬಿದ್ದ ಹ್ರಸ್ವ ‘ಒ’ ಭಾರ ತಾಳದೆ ‘ವೆ’ ಆಗಿ ಒಡೆಯಿತು. ‘ನಾವು’ ರೂಪದಲ್ಲಿ ಒತ್ತು ಪ್ರತ್ಯಯದ ಮೇಲೆ ಬೀಳುವುದರಿಂದ ಧಾತು ಬಚಾವಾಯಿತು. ಬ್ಯೂನಸ್ ಐರಿಸ್‌ನವರು ‘ನೀನು’ ಎನ್ನಲು ‘ತು’ ಬಿಟ್ಟು ‘ವೊಸ್’ ಹಿಡಿದರು. ಅಲ್ಲೂ ಒತ್ತು ಕೊನೆಗೇ ಸರಿದು, ದ್ವೆರ್ಮೆಸ್ ಹೋಗಿ ದೊರ್ಮಿಸ್ ಉಳಿಯಿತು. ಕಲಿಯುವವರ ಪಾಲಿಗೆ ಅರ್ಜೆಂಟೀನಾ ದಯಾಮಯಿ ದೇಶ.

ಇಷ್ಟೆಲ್ಲ ಸೊಟ್ಟಗಿರುವವು ಯಾವುವು ಎಂದು ನೋಡಿದರೆ ಇರು, ಹೋಗು, ಮಾಡು, ಹೇಳು, ಬರು. ಬೆಳಗಿನಿಂದ ರಾತ್ರಿಯವರೆಗೆ ದುಡಿಯುವ ಪದಗಳೇ. ಇಡೀ ಮನೆ ನಡೆಸುವ ಹಿರಿಯರ ಮಾತಿನ ಧಾಟಿ ತಿದ್ದಲು ಯಾರಿಗೆ ಧೈರ್ಯ? ನಿನ್ನೆ ಮೊನ್ನೆ ಬಂದ, ಚಾಟ್ ಮಾಡುವ ‘ಚಾತೆಯರ್’ ಮಾತ್ರ ತಲೆ ಬಗ್ಗಿಸಿ ‘ಚಾತೆಯೊ’ ಎಂದು ನಿಯಮ ಪಾಲಿಸುತ್ತದೆ.

ಮಕ್ಕಳು ತಿದ್ದಲು ನೋಡುತ್ತಾರೆ. ‘ನನಗೆ ಗೊತ್ತಿಲ್ಲ’ ಎನ್ನಲು ‘ನೊ ಸೆ’ ಎನ್ನಬೇಕಾದಲ್ಲಿ, ಸಬೆರ್ ಧಾತುವಿನಿಂದ ನ್ಯಾಯವಾಗಿಯೇ ಲೆಕ್ಕ ಹಾಕಿ ‘ನೊ ಸಾಬೊ’ ಎನ್ನುತ್ತಾರೆ. ಅಮೆರಿಕದಲ್ಲಿ ಸ್ಪ್ಯಾನಿಷ್ ಸರಿಯಾಗಿ ಬಾರದ ಲ್ಯಾಟಿನೊ ಹುಡುಗರಿಗೆ ‘ನೊ ಸಾಬೊ’ ಎಂಬುದೇ ಅಡ್ಡಹೆಸರು. ವ್ಯಾಕರಣಕ್ಕೆ ಅತಿ ನಿಷ್ಠರಾದವರಿಗೆ ಸಿಕ್ಕ ಬಿರುದು ಇದು! ‘ಹಿಡಿಸು’ ಎಂಬ ಅರ್ಥದ ಕಬೆರ್ ಇನ್ನೂ ಕಿಲಾಡಿ. ತುಂಬಿದ ಲಿಫ್ಟ್ ಮುಂದೆ ನಿಂತು ‘ನನಗೆ ಜಾಗವಾದೀತೇ’ ಎಂದು ಕೇಳಲು ‘ಕೆಪೊ’ ಎನ್ನಬೇಕು. ಮಾತೃಭಾಷಿಕರೂ ಇದನ್ನು ಹೇಳುವಾಗ ಒಮ್ಮೆ ತಡವರಿಸುತ್ತಾರೆ. ಅಷ್ಟರಲ್ಲಿ ಬಾಗಿಲು ಮುಚ್ಚಿದರೆ ಲಿಫ್ಟಿನದೇನೂ ತಪ್ಪಿಲ್ಲ.

ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಅಬೊಲಿರ್, ಅಂದರೆ ರದ್ದುಪಡಿಸುವುದು. ಹಳೆಯ ವೈಯಾಕರಣರ ಪ್ರಕಾರ ವರ್ತಮಾನದಲ್ಲಿ ಇದಕ್ಕೆ ‘ನಾನು’ ರೂಪವೇ ಇರಲಿಲ್ಲ. ನಾವು ರದ್ದುಪಡಿಸಬಹುದಿತ್ತು, ನೀವೂ ರದ್ದುಪಡಿಸಬಹುದಿತ್ತು. ನಾನೊಬ್ಬನೇ ಎದ್ದು ನಿಂತು ರದ್ದುಪಡಿಸುತ್ತೇನೆ ಎಂದರೆ ಬಾಯಲ್ಲಿ ಪದವಿಲ್ಲ. ಸ್ಪ್ಯಾನಿಷ್ ಅಕಾಡೆಮಿ ಈಗ ‘ಅಬೊಲೊ’ಗೆ ಒಪ್ಪಿಗೆ ಕೊಟ್ಟಿದೆ. ಇಷ್ಟು ತಡವಾಗಿ ಬಂದ ಈ ‘ನಾನು’, ಆಶ್ಚರ್ಯವೆಂದರೆ, ಎಲ್ಲೂ ಸೊಟ್ಟಗಿಲ್ಲ.